ಎರಡು ಮೈಲಿ ಬಯಲು: ಫ್ರಾಂಕ್ಲಿನ್ ರಣಭೂಮಿಯ ಪ್ರಕರಣ

ಅಮೆರಿಕದ ಟೆನೆಸಿ ರಾಜ್ಯದ ಫ್ರಾಂಕ್ಲಿನ್ ಪಟ್ಟಣದಲ್ಲಿ, ಕಾರ್ಟರ್ ಕುಟುಂಬದ ಹಳೆಯ ಇಟ್ಟಿಗೆ ಮನೆಯ ಪಕ್ಕ, ಮರದ ಹಲಗೆಗಳ ಒಂದು ಪುಟ್ಟ ಕಟ್ಟಡವಿದೆ. ಹೊಲದ ಲೆಕ್ಕಪತ್ರ ನೋಡಿಕೊಳ್ಳಲು ಕಟ್ಟಿಸಿದ ಕೋಣೆ ಅದು. ಅದರ ಹಲಗೆಗಳಲ್ಲಿ ಜರಡಿಯಂತೆ ತೂತುಗಳು. ಒಳಗೆ ನಿಂತರೆ ಹೊರಗಿನ ಬೆಳಕು ಆ ತೂತುಗಳಿಂದ ಚುಕ್ಕಿಚುಕ್ಕಿಯಾಗಿ ಒಳಬರುತ್ತದೆ. ಕೆಲವು ದುಂಡಗಿವೆ, ಕೆಲವು ಓರೆಯಾಗಿ ಸೀಳಿವೆ. ಒಂದೊಂದೂ ಒಂದೊಂದು ಸೀಸದ ಗುಂಡು ಹಾದುಹೋದ ದಾರಿ. ಮನೆ ಮತ್ತು ಅದರ ಸುತ್ತಲಿನ ಕಟ್ಟಡಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಇಂತಹ ಗುರುತುಗಳಿವೆ. 1864ರ ನವೆಂಬರ್ 30ರ ಸಂಜೆ, ಐದು ಗಂಟೆಗಳ ಅವಧಿಯಲ್ಲಿ ಆದ ಗಾಯಗಳು ಅವು.

ಗೋಡೆ ಉಳಿದಿದೆ. ಆ ಸಂಜೆ ಇಪ್ಪತ್ತು ಸಾವಿರ ಜನ ಯಾವ ಬಯಲನ್ನು ದಾಟಿ ಈ ಗೋಡೆಯ ಕಡೆಗೆ ಬಂದರೋ ಆ ಬಯಲು ಮಾತ್ರ ಉಳಿಯಲಿಲ್ಲ. ಅದು ಮನೆಗಳಾಯಿತು, ಅಂಗಡಿಗಳಾಯಿತು, ವಾಹನ ನಿಲುಗಡೆಯ ಜಾಗವಾಯಿತು. ಕಾರ್ಟರ್ ಮನೆಯಿಂದ ರಸ್ತೆಯಾಚೆ ಕೂಗಳತೆಯ ದೂರದಲ್ಲಿ, ಒಬ್ಬ ಹೆಸರಾಂತ ಸೇನಾನಿ ಬಿದ್ದು ಸತ್ತನೆಂದು ಹೇಳಲಾಗುವ ಜಾಗದಲ್ಲಿ, 2005ರವರೆಗೂ ಪಿಜ್ಜಾ ಹಟ್‌ನ ಒಂದು ಮಳಿಗೆ ಇತ್ತು.

ಐತಿಹಾಸಿಕ ರಣಭೂಮಿಗಳನ್ನು ಕಟ್ಟಡಗಳ ಕೈಗೆ ಕೊಡದೆ ಏಕೆ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಗೆ ನಾನು ಫ್ರಾಂಕ್ಲಿನ್ ಪ್ರಕರಣವನ್ನೇ ಆರಿಸಿಕೊಂಡಿದ್ದೇನೆ. ಗೆಟಿಸ್‌ಬರ್ಗ್‌ನಂತೆ ಮೊದಲೇ ಉಳಿದ ರಣಭೂಮಿಗಳ ಕಥೆ ಹೇಳುವುದು ಸುಲಭ. ಇಲ್ಲಿ ಹಾಗಲ್ಲ. ಇದು ಕೈಬಿಟ್ಟುಹೋಗಿದ್ದ ನೆಲ. ಕಳೆದುಕೊಂಡ ಮೇಲೆ ಊರಿನವರಿಗೆ ಅದರ ಬೆಲೆ ತಿಳಿಯಿತು, ಆಮೇಲೆ ತುಂಡುತುಂಡಾಗಿ ಮರಳಿ ಕೊಂಡರು. ಏನನ್ನು ಕಳೆದುಕೊಂಡಿದ್ದೆವು ಎಂಬುದು ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣುವುದಿಲ್ಲ.

ಆ ಐದು ಗಂಟೆ

ಅಮೆರಿಕದ ಅಂತರ್ಯುದ್ಧದ ನಾಲ್ಕನೆಯ ವರ್ಷ. ಒಂದು ಕಡೆ ಒಕ್ಕೂಟ ಸರ್ಕಾರದ ಪರವಾದ ಉತ್ತರದವರು, ಇನ್ನೊಂದು ಕಡೆ ಒಕ್ಕೂಟದಿಂದ ಬೇರೆಯಾದ ದಕ್ಷಿಣದ ರಾಜ್ಯಗಳವರು. ಸೆಪ್ಟೆಂಬರ್‌ನಲ್ಲಿ ಅಟ್ಲಾಂಟಾ ಉತ್ತರದವರ ವಶವಾಗಿತ್ತು. ದಕ್ಷಿಣದ ಟೆನೆಸಿ ಸೇನೆಯ ದಂಡನಾಯಕ ಜಾನ್ ಬೆಲ್ ಹುಡ್, ನ್ಯಾಶ್‌ವಿಲ್ ನಗರವನ್ನು ಮರಳಿ ಗೆಲ್ಲುವ ಆಸೆಯಿಂದ ತನ್ನ ಸೇನೆಯನ್ನು ಉತ್ತರಕ್ಕೆ ನಡೆಸಿದ್ದ. ಗೆಟಿಸ್‌ಬರ್ಗ್‌ನಲ್ಲಿ ಅವನ ಎಡಗೈ ನಿಷ್ಪ್ರಯೋಜಕವಾಗಿತ್ತು, ಚಿಕಮಾಗಾದಲ್ಲಿ ಬಲಗಾಲು ಹೋಗಿತ್ತು. ಅವನೆದುರು ನ್ಯಾಶ್‌ವಿಲ್ ಕಡೆಗೆ ಹಿಂದೆ ಸರಿಯುತ್ತಿದ್ದುದು ಉತ್ತರದ ಸೇನಾನಿ ಜಾನ್ ಸ್ಕೋಫೀಲ್ಡ್‌ನ ಸೈನ್ಯ. ನವೆಂಬರ್ 29ರ ರಾತ್ರಿ ಸ್ಪ್ರಿಂಗ್ ಹಿಲ್ ಎಂಬಲ್ಲಿ ಹುಡ್‌ನ ಸೇನೆ ಹೆದ್ದಾರಿಯ ಬದಿಯಲ್ಲೇ ಬೀಡುಬಿಟ್ಟಿತ್ತು. ಅದರ ಮಗ್ಗುಲಲ್ಲೇ ಸ್ಕೋಫೀಲ್ಡ್‌ನ ಇಡೀ ಸೈನ್ಯ ಕತ್ತಲಲ್ಲಿ ಸದ್ದಿಲ್ಲದೆ ದಾಟಿಹೋಯಿತು. ಬೆಳಗ್ಗೆ ವಿಷಯ ತಿಳಿದಾಗ ಹುಡ್ ಕೆಂಡವಾದ.

ಸ್ಕೋಫೀಲ್ಡ್ ಫ್ರಾಂಕ್ಲಿನ್ ತಲುಪಿದಾಗ ಹಾರ್ಪೆತ್ ನದಿಯ ಸೇತುವೆಗಳು ದಾಟುವ ಸ್ಥಿತಿಯಲ್ಲಿರಲಿಲ್ಲ. ಅವು ದುರಸ್ತಿಯಾಗುವವರೆಗೆ ನದಿಯನ್ನು ಬೆನ್ನಿಗಿಟ್ಟುಕೊಂಡು ನಿಲ್ಲದೆ ಗತಿಯಿರಲಿಲ್ಲ. ನದಿ ಊರನ್ನು ಉತ್ತರದಲ್ಲಿ ಬಳಸಿಕೊಂಡು ಹರಿಯುತ್ತದೆ. ಆ ಬಳಸಿನ ಬಾಯಿಗೆ ಅಡ್ಡಲಾಗಿ, ಎರಡೂ ತುದಿ ನದಿಯನ್ನು ಮುಟ್ಟುವಂತೆ, ಅವನ ಸೈನಿಕರು ಬಿಲ್ಲಿನಾಕಾರದ ಕಂದಕ ತೋಡಿ ಮಣ್ಣಿನ ಒಡ್ಡು ಏರಿಸಿದರು. ಬಿಲ್ಲಿನ ನಟ್ಟನಡುವೆ ಕೊಲಂಬಿಯಾ ರಸ್ತೆ. ರಸ್ತೆಯ ಪಶ್ಚಿಮಕ್ಕೆ ಕಾರ್ಟರ್ ಮನೆ, ಪೂರ್ವಕ್ಕೆ ಕಾರ್ಟರನ ಹತ್ತಿ ಹಿಂಜುವ ಗಿರಣಿ.

ದಕ್ಷಿಣಕ್ಕೆ ಎರಡು ಮೈಲಿ ದೂರದಲ್ಲಿ ವಿನ್‌ಸ್ಟೆಡ್ ಗುಡ್ಡ. ಮಧ್ಯಾಹ್ನ ಹುಡ್ ಆ ಗುಡ್ಡದ ಮೇಲೆ ನಿಂತು ನೋಡಿದ. ಗುಡ್ಡಕ್ಕೂ ಒಡ್ಡಿಗೂ ನಡುವೆ ಮರೆಯೇ ಇಲ್ಲದ, ಅಲ್ಲಲ್ಲಿ ಮೆಲ್ಲಗೆ ಏರಿ ಇಳಿಯುವ ಬಯಲು. ಅವನ ಫಿರಂಗಿಗಳಲ್ಲಿ ಹೆಚ್ಚಿನವು ಇನ್ನೂ ಹಿಂದೆಯೇ ಇದ್ದವು. ಅಧಿಕಾರಿಗಳಲ್ಲಿ ಹಲವರಿಗೆ ಇದು ಸರಿಕಾಣಲಿಲ್ಲ. ಆದರೂ ನೇರ ದಾಳಿಗೆ ಆಜ್ಞೆಯಾಯಿತು.

ಸಂಜೆ ನಾಲ್ಕರ ಹೊತ್ತಿಗೆ ಸುಮಾರು 20,000 ಜನ ಸಾಲುಗಟ್ಟಿ ನಡೆದರು. ಬ್ಯಾಂಡು ಬಾರಿಸುತ್ತಿತ್ತು, ಬಾವುಟಗಳು ಹಾರುತ್ತಿದ್ದವು. ಸಾಲಿನ ಮುಂದೆ ಹುಲ್ಲಿನಿಂದ ಎದ್ದ ಮೊಲಗಳು, ಲಾವಕ್ಕಿಗಳು ದಿಕ್ಕೆಟ್ಟು ಓಡಿದವೆಂದು ಬದುಕುಳಿದವರು ಬರೆದಿಟ್ಟಿದ್ದಾರೆ. ಆಗ ಸೂರ್ಯ ಮುಳುಗಲು ಅರ್ಧ ಗಂಟೆ ಬಾಕಿ. ಗೆಟಿಸ್‌ಬರ್ಗ್‌ನ ಪ್ರಸಿದ್ಧ ಪಿಕೆಟ್ ದಾಳಿಯಲ್ಲಿ ಸುಮಾರು 12,500 ಜನ ಒಂದು ಮೈಲಿಯಷ್ಟು ನಡೆದಿದ್ದರು, ಅದೂ ತಾಸುಗಟ್ಟಲೆ ಫಿರಂಗಿ ದಾಳಿ ನಡೆದ ಮೇಲೆ. ಇಲ್ಲಿ ಜನ ಹೆಚ್ಚು, ದೂರ ಎರಡು ಪಟ್ಟು, ಫಿರಂಗಿಯ ಬೆಂಬಲ ಇಲ್ಲವೆನ್ನುವಷ್ಟು ಕಡಿಮೆ.

ಉತ್ತರದವರ ಎರಡು ಬ್ರಿಗೇಡ್‌ಗಳನ್ನು ಒಡ್ಡಿಗಿಂತ ಅರ್ಧ ಮೈಲಿ ಮುಂದೆ, ಬಯಲಿನಲ್ಲೇ ನಿಲ್ಲಿಸಿದ್ದರು. ಅದು ತಪ್ಪಾಗಿತ್ತು. ಆ ಬ್ರಿಗೇಡ್‌ಗಳು ಮುರಿದು ಹಿಂದಕ್ಕೆ ಓಡಿದಾಗ ಅವರ ಬೆನ್ನಿಗಂಟಿಕೊಂಡೇ ದಕ್ಷಿಣದವರು ಓಡಿಬಂದರು. ಒಡ್ಡಿನ ಹಿಂದೆ ಕಾದಿದ್ದವರಿಗೆ ಗುಂಡು ಹಾರಿಸಲಾಗಲಿಲ್ಲ; ಹಾರಿಸಿದರೆ ಮೊದಲು ಬೀಳುವವರು ತಮ್ಮವರೇ. ರಸ್ತೆಯ ಬಳಿ ಸಾಲು ಒಡೆಯಿತು. ಕಾರ್ಟರ್ ಮನೆಯ ಹಿಂದೆ ವಿಶ್ರಾಂತಿಯಲ್ಲಿದ್ದ ಎಮರ್ಸನ್ ಒಪ್‌ಡೈಕ್‌ನ ಬ್ರಿಗೇಡ್ ಎದ್ದು ಮುನ್ನುಗ್ಗಿ ಆ ಬಿರುಕನ್ನು ಮುಚ್ಚಿತು. ಆಮೇಲೆ ನಡೆದದ್ದು ಅಂಗಳದಲ್ಲಿ, ತೋಟದಲ್ಲಿ, ಕತ್ತಲಲ್ಲಿ, ಬಂದೂಕಿನ ಹಿಡಿ ಮತ್ತು ಬಯೊನೆಟ್‌ಗಳಿಂದ ಕೈಕೈ ಮಿಲಾಯಿಸಿ ನಡೆದ ಹೊಡೆದಾಟ.

ರಾತ್ರಿ ಒಂಬತ್ತರ ಹೊತ್ತಿಗೆ ಎಲ್ಲ ಮುಗಿದಾಗ ದಕ್ಷಿಣದ ಸೇನೆ ಸತ್ತವರು, ಗಾಯಾಳುಗಳು, ಸೆರೆಯಾದವರು ಸೇರಿ ಆರು ಸಾವಿರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತ್ತು. ಉತ್ತರದವರ ನಷ್ಟ ಸುಮಾರು 2,300. ಮುಂದೆ ಪಿಜ್ಜಾ ಮಳಿಗೆ ಎದ್ದ ಜಾಗದಲ್ಲಿ ಬಿದ್ದನೆನ್ನಲಾದ ಪ್ಯಾಟ್ರಿಕ್ ಕ್ಲೆಬರ್ನ್ ಸೇರಿ ದಕ್ಷಿಣದ ಐವರು ಜನರಲ್‌ಗಳು ಅಲ್ಲೇ ಸತ್ತರು, ಆರನೆಯವನು ಹತ್ತು ದಿನ ನರಳಿ ತೀರಿಕೊಂಡ. ಸ್ಕೋಫೀಲ್ಡ್ ಅದೇ ರಾತ್ರಿ ನದಿ ದಾಟಿ ಹೊರಟುಹೋದ. ಡಿಸೆಂಬರ್ 15 ಮತ್ತು 16ರಂದು ನ್ಯಾಶ್‌ವಿಲ್‌ನಲ್ಲಿ ಹುಡ್‌ನ ಉಳಿದ ಸೇನೆಯೂ ನುಚ್ಚುನೂರಾಯಿತು.

ಕಾರ್ಟರ್ ಮನೆಯ ನೆಲಮಾಳಿಗೆಯಲ್ಲಿ ಅಷ್ಟೂ ಹೊತ್ತು ಇಪ್ಪತ್ತಕ್ಕೂ ಹೆಚ್ಚು ಜನ ಕುಳಿತಿದ್ದರು. ಯಜಮಾನ ಫೌಂಟನ್ ಬ್ರಾಂಚ್ ಕಾರ್ಟರ್, ಅವನ ಮಕ್ಕಳು, ಮೊಮ್ಮಕ್ಕಳು, ಎದುರುಮನೆಯ ಬಡಗಿ ಲೋಟ್ಸ್‌ನ ಕುಟುಂಬ. ಕಾರ್ಟರನ ಒಬ್ಬ ಮಗ ಟಾಡ್ ದಕ್ಷಿಣದ ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದ. ಮನೆ ಬಿಟ್ಟು ಮೂರು ವರ್ಷ ದಾಟಿತ್ತು. ಅವನು ಅಂದು ಕುದುರೆಯೇರಿ ದಾಳಿ ಮಾಡಿದ್ದು ತನ್ನ ಮನೆಯ ಕಡೆಗೇ. ಗುಂಡು ತಗುಲಿ ಬಿದ್ದದ್ದು ಮನೆಗೆ ಕೆಲವೇ ನೂರು ಅಡಿ ದೂರದಲ್ಲಿ. ರಾತ್ರಿ ಮನೆಯವರು ಲಾಂದ್ರ ಹಿಡಿದು ಹೆಣಗಳ ನಡುವೆ ಹುಡುಕಿ ಅವನನ್ನು ಒಳಗೆ ಹೊತ್ತು ತಂದರು. ಎರಡು ದಿನ ಬದುಕಿದ್ದ.

ಬಯಲು ಹೋದ ಬಗೆ

ರಣಭೂಮಿಗೆ ಮೊದಲ ಅಪಾಯ ಬಂದದ್ದು ಬುಲ್ಡೋಜರಿನಿಂದ ಎಂದು ನಾವು ಭಾವಿಸುತ್ತೇವೆ. ಫ್ರಾಂಕ್ಲಿನ್‌ನಲ್ಲಿ ಮೊದಲು ಬಂದದ್ದು ನೇಗಿಲು, ಅದೂ ಎರಡು ವರ್ಷ ತುಂಬುವ ಮೊದಲೇ. ದಕ್ಷಿಣದ ಸೈನಿಕರನ್ನು ಬಿದ್ದ ಜಾಗದ ಆಸುಪಾಸಿನಲ್ಲೇ ಹೂಳಿ, ತಲೆಯ ಬಳಿ ಹೆಸರು ಬರೆದ ಮರದ ಹಲಗೆ ನೆಟ್ಟಿದ್ದರು. ಹಲಗೆಗಳ ಅಕ್ಷರ ಮಾಸತೊಡಗಿತು. ಕೆಲವನ್ನು ಚಳಿಗೆ ಸೌದೆಯಾಗಿ ಜನ ಕಿತ್ತುಕೊಂಡು ಹೋದರು. ಹೊಲಗಳು ಮತ್ತೆ ಉಳುಮೆಯಾಗಬೇಕಿತ್ತು. 1866ರಲ್ಲಿ ಕಾರ್ನ್‌ಟನ್ ತೋಟದ ಮ್ಯಾಕ್‌ಗೇವಕ್ ದಂಪತಿ ತಮ್ಮ ಮನೆಯ ಪಕ್ಕ ಎರಡು ಎಕರೆ ಬಿಟ್ಟುಕೊಟ್ಟರು. ಸುಮಾರು 1,480 ಜನರ ಅಸ್ಥಿಗಳನ್ನು ಅಗೆದು ತಂದು ಅಲ್ಲಿ ರಾಜ್ಯವಾರು ಸಾಲುಗಳಲ್ಲಿ ಮಣ್ಣು ಮಾಡಲಾಯಿತು. ನಾಲ್ವರು ಜನರಲ್‌ಗಳ ಶವಗಳನ್ನು ಸಾಲಾಗಿ ಮಲಗಿಸಿದ್ದ ಜಗಲಿ ಇರುವುದೂ ಅದೇ ಮನೆಯಲ್ಲಿ. ಮಹಡಿಯ ಕೋಣೆಗಳ ಮರದ ನೆಲದ ಮೇಲೆ ಗಾಯಾಳುಗಳ ರಕ್ತದ ಕಲೆ ಇಂದಿಗೂ ಕಾಣುತ್ತದೆ.

1890ರ ದಶಕದಲ್ಲಿ ಅಮೆರಿಕದ ಸಂಸತ್ತು ಚಿಕಮಾಗಾ, ಆಂಟೀಟಮ್, ಶೈಲೋ, ಗೆಟಿಸ್‌ಬರ್ಗ್, ವಿಕ್ಸ್‌ಬರ್ಗ್ ರಣಭೂಮಿಗಳನ್ನು ರಾಷ್ಟ್ರದ ಸುಪರ್ದಿಗೆ ತೆಗೆದುಕೊಂಡಿತು. ಆ ಕಾಲದ್ದೇ ಒಂದು ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಗೆಟಿಸ್‌ಬರ್ಗ್‌ನಲ್ಲಿ ಒಂದು ಖಾಸಗಿ ಕಂಪನಿ ರಣಭೂಮಿಯ ಮೇಲೆ ವಿದ್ಯುತ್ ಟ್ರಾಮಿನ ಹಳಿ ಹಾಕಿತ್ತು. ಸರ್ಕಾರ ಆ ನೆಲವನ್ನು ವಶಪಡಿಸಿಕೊಳ್ಳಲು ಹೊರಟಾಗ ಕಂಪನಿ ನ್ಯಾಯಾಲಯಕ್ಕೆ ಹೋಯಿತು. ರಣಭೂಮಿ ಉಳಿಸುವುದು ಸಾರ್ವಜನಿಕ ಉದ್ದೇಶ ಹೇಗಾಗುತ್ತದೆ ಎಂಬುದೇ ಪ್ರಶ್ನೆ. 1896ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಸರ್ಕಾರದ ಪರ ತೀರ್ಪು ಕೊಟ್ಟಿತು. ರಸ್ತೆಗೆ, ಕೋಟೆಗೆ ನೆಲ ಬೇಕಾಗುವಂತೆಯೇ ನೆನಪಿಗೂ ನೆಲ ಬೇಕಾಗುತ್ತದೆ ಎಂಬುದಕ್ಕೆ ಅಂದೇ ಕಾನೂನಿನ ಮುದ್ರೆ ಬಿದ್ದಿತು. ಪುರಾತನ ಕಟ್ಟಡಗಳ ಸಂರಕ್ಷಣೆಗೂ ಆ ತೀರ್ಪು ಮುಂದೆ ಆಧಾರವಾಯಿತು.

ಫ್ರಾಂಕ್ಲಿನ್ ಆ ಐದರ ಪಟ್ಟಿಯಲ್ಲಿ ಇರಲಿಲ್ಲ. ಊರು ಹೆದ್ದಾರಿಯ ಗುಂಟ ದಕ್ಷಿಣಕ್ಕೆ ಬೆಳೆಯಿತು. ಅಂದರೆ ರಣಭೂಮಿಯ ನಡುಭಾಗದ ಮೇಲೆಯೇ ಬೆಳೆಯಿತು. 1889ರಲ್ಲಿ ಅಲ್ಲೊಂದು ಶಾಲೆ ಆರಂಭವಾಗಿ ‘ಬ್ಯಾಟಲ್ ಗ್ರೌಂಡ್ ಅಕಾಡೆಮಿ’ ಎಂದು ಹೆಸರಿಟ್ಟುಕೊಂಡಿತು. ನೆಲ ಯಾವುದೆಂದು ಎಲ್ಲರಿಗೂ ಗೊತ್ತಿತ್ತು ಎಂಬುದಕ್ಕೆ ಆ ಹೆಸರೇ ಸಾಕ್ಷಿ. ಮರೆತು ಕಟ್ಟಿದ್ದಲ್ಲ, ಗೊತ್ತಿದ್ದೇ ಕಟ್ಟಿದ್ದು. ಇದಕ್ಕಾಗಿ ಆ ಕಾಲದವರನ್ನು ನಾನು ದೂರುವುದಿಲ್ಲ. ಮಗನ ಹೆಣ ಹೊತ್ತು ತಂದ ಹೊಲವನ್ನು ಹಾಗೆಯೇ ಬಯಲಾಗಿ ಇಟ್ಟುಕೊಂಡಿರಿ ಎಂದು ಅವರಿಗೆ ಹೇಳುವ ಬಾಯಿ ಯಾರಿಗಿದೆ?

ಆದರೆ ಆಮೇಲಿನ ಪೀಳಿಗೆಗಳಿಗೆ ಆ ರಿಯಾಯಿತಿ ಕೊಡಲಾಗದು. 1951ರಲ್ಲಿ ರಾಜ್ಯ ಸರ್ಕಾರ ಕಾರ್ಟರ್ ಮನೆಯನ್ನು ಕೊಂಡು ಕೆಡವದಂತೆ ಉಳಿಸಿತು. 1960ರಲ್ಲಿ ಫ್ರಾಂಕ್ಲಿನ್ ರಣಭೂಮಿಗೆ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮನ್ನಣೆಯೂ ಸಿಕ್ಕಿತು. ಓದುವವರಿಗೆ ಇದು ದೊಡ್ಡ ರಕ್ಷಣೆಯಂತೆ ಕೇಳಿಸುತ್ತದೆ. ವಾಸ್ತವದಲ್ಲಿ ಖಾಸಗಿ ಮಾಲೀಕ ತನ್ನ ನೆಲದಲ್ಲಿ ತನ್ನ ಹಣದಿಂದ ಏನಾದರೂ ಕಟ್ಟಲು ಹೊರಟರೆ ಆ ಮನ್ನಣೆ ತಡೆಯುವುದಿಲ್ಲ. ಮನ್ನಣೆ ಬಂದ ಮೇಲೂ ಕಟ್ಟಡಗಳು ಎದ್ದವು, ಪಿಜ್ಜಾ ಮಳಿಗೆಯೂ ಎದ್ದಿತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು: ಫಲಕ ಹಾಕಿದ್ದೇವೆ, ಪಟ್ಟಿಗೆ ಸೇರಿಸಿದ್ದೇವೆ, ಇನ್ನು ಚಿಂತೆಯಿಲ್ಲ ಎಂಬ ನೆಮ್ಮದಿ. ಆ ನೆಮ್ಮದಿಯ ಮರೆಯಲ್ಲೇ ನೆಲ ಕೈಜಾರುತ್ತದೆ.

ಸಂಸತ್ತು ನೇಮಿಸಿದ್ದ ಅಂತರ್ಯುದ್ಧ ಸ್ಥಳಗಳ ಸಲಹಾ ಆಯೋಗ 1993ರಲ್ಲಿ ವರದಿ ಕೊಟ್ಟಿತು. ಆ ಯುದ್ಧದ ಸುಮಾರು 10,500 ಸಣ್ಣದೊಡ್ಡ ಕಾದಾಟಗಳಲ್ಲಿ 384 ರಣಭೂಮಿಗಳನ್ನು ಮುಖ್ಯವೆಂದು ಅದು ಗುರುತಿಸಿತು. ಅವುಗಳಲ್ಲಿ ಐದರಲ್ಲಿ ಒಂದರಷ್ಟು ಆಗಲೇ ಪೂರ್ತಿ ಹೋಗಿದ್ದವು, ಇಲ್ಲವೇ ಒಟ್ಟಾಗಿ ನೋಡಲಾಗದಷ್ಟು ಚೂರಾಗಿದ್ದವು. ಫ್ರಾಂಕ್ಲಿನ್ ಬಂದದ್ದು ಚೂರಾದವುಗಳ ಸಾಲಿನಲ್ಲಿ.

ಮರಳಿ ಕೊಂಡದ್ದು

ತಿರುವು ಬಂದದ್ದು ಗಾಲ್ಫ್ ಮೈದಾನವೊಂದರಿಂದ. ಕಾರ್ನ್‌ಟನ್ ಪಕ್ಕದಲ್ಲಿ, ದಕ್ಷಿಣದ ಸೇನೆಯ ಬಲಪಾರ್ಶ್ವ ನಡೆದುಬಂದ ಜಾಗದಲ್ಲಿ, ಸುಮಾರು 110 ಎಕರೆಯ ಮೈದಾನವಿತ್ತು. ಅದು ಮಾರಾಟಕ್ಕೆ ಬಂದಾಗ ಮನೆಗಳ ಬಡಾವಣೆಯಾಗುವುದು ಬಹುತೇಕ ಖಚಿತವಿತ್ತು. 2005ರಲ್ಲಿ ಊರಿನ ಹಲವು ಸಂಘಟನೆಗಳು ‘ಫ್ರಾಂಕ್ಲಿನ್ಸ್ ಚಾರ್ಜ್’ ಎಂಬ ಹೆಸರಿನಲ್ಲಿ ಒಂದಾದವು. ಸಂರಕ್ಷಣೆಯಲ್ಲಿ ಆಸಕ್ತಿಯಿದ್ದ ಖಾಸಗಿ ಖರೀದಿದಾರರೊಬ್ಬರು ನೆಲವನ್ನು ಕೊಂಡು, ಹಣ ಕೂಡುವವರೆಗೆ ಬೇರೆಯವರಿಗೆ ಬಿಡದೆ ಹಿಡಿದಿಟ್ಟರು. ಬೆಲೆ 50 ಲಕ್ಷ ಡಾಲರ್. ಅರ್ಧವನ್ನು ಪಟ್ಟಣದ ಆಡಳಿತ ಕೊಡುವುದು, ಇನ್ನರ್ಧವನ್ನು ಜನ ಕೂಡಿಸುವುದು ಎಂದಾಯಿತು. ಕೂಡಿಸಿದರು. ಅಭಿವೃದ್ಧಿಗೆ ಹೋಗಬೇಕಾದ ನೆಲವನ್ನು ಪುರಸಭೆಯೇ ಅರ್ಧ ಹಣ ಹಾಕಿ ಬಯಲಾಗಿ ಉಳಿಸಿದ್ದು ಸಣ್ಣ ಮಾತಲ್ಲ. ಅದು ಇಂದು ಈಸ್ಟರ್ನ್ ಫ್ಲ್ಯಾಂಕ್ ರಣಭೂಮಿ ಉದ್ಯಾನ.

ಅದೇ ವರ್ಷ ಪಿಜ್ಜಾ ಮಳಿಗೆಯ ಜಾಗವನ್ನೂ ಕೊಂಡು ಕಟ್ಟಡವನ್ನು ಕೆಡವಲಾಯಿತು. ಅಲ್ಲೀಗ ಫಿರಂಗಿ ಗುಂಡುಗಳನ್ನು ಗೋಪುರದಂತೆ ಪೇರಿಸಿದ ಸ್ಮಾರಕವಿದೆ. ಮುಂದಿನ ವರ್ಷಗಳಲ್ಲಿ ಕಾರ್ಟರ್ ಮನೆಯ ಸುತ್ತ, ಹತ್ತಿ ಗಿರಣಿಯಿದ್ದ ಜಾಗದ ಸುತ್ತ ನಿವೇಶನದ ಮೇಲೆ ನಿವೇಶನ ಕೊಂಡರು. ಮನೆಗಳು ತೆರವಾದವು, ಅಂಗಡಿಗಳ ಸಾಲೊಂದು ತೆರವಾಯಿತು. ಡಾಂಬರು ಕಿತ್ತ ಕಡೆ ಹುಲ್ಲು ಬಂದಿತು.

ಇಲ್ಲಿ ಲೆಕ್ಕ ನೋಡಲೇಬೇಕು. ಗಾಲ್ಫ್ ಮೈದಾನದ ದರ ಎಕರೆಗೆ ಸುಮಾರು 45,000 ಡಾಲರ್ ಬಿದ್ದಿತು. ಊರೊಳಗಿನ ನಿವೇಶನಗಳಿಗೆ ಕೊಡಬೇಕಾಗಿ ಬಂದದ್ದು ಅದರ ಎಷ್ಟೋ ಪಟ್ಟು, ಏಕೆಂದರೆ ಅಲ್ಲಿ ನೆಲದ ಜೊತೆ ಕಟ್ಟಡಕ್ಕೂ ಬೆಲೆ ತೆರಬೇಕು. ಆ ಬೆಲೆ ತೆರುವುದು ಕಟ್ಟಡ ಕೆಡವುವುದಕ್ಕಾಗಿ! ತಡಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಅದೇ ಯುದ್ಧದ ಇನ್ನೊಂದು ರಣಭೂಮಿಯಾದ ವರ್ಜೀನಿಯಾದ ಮನಾಸಸ್ ಇನ್ನೂ ದೊಡ್ಡ ನಿದರ್ಶನ. ಅಲ್ಲಿನ ರಾಷ್ಟ್ರೀಯ ಉದ್ಯಾನಕ್ಕೆ ತಾಗಿದ 542 ಎಕರೆಯಲ್ಲಿ, ದಕ್ಷಿಣದ ದಂಡನಾಯಕ ಜನರಲ್ ಲೀ ತನ್ನ ಬಿಡಾರ ಹೂಡಿದ್ದ ಗುಡ್ಡವೂ ಸೇರಿದಂತೆ, ದೊಡ್ಡ ಮಾಲ್ ಕಟ್ಟುವ ಯೋಜನೆ ಬಂದಿತ್ತು. 1988ರಲ್ಲಿ ಯಂತ್ರಗಳು ನೆಲ ಅಗೆಯುತ್ತಿರುವಾಗಲೇ ಸಂಸತ್ತು ವಿಶೇಷ ಕಾನೂನು ಮಾಡಿ ಅದನ್ನು ವಶಪಡಿಸಿಕೊಂಡಿತು. ಸರ್ಕಾರ ತೆತ್ತದ್ದು ಕೊನೆಗೆ 10 ಕೋಟಿ ಡಾಲರನ್ನೂ ಮೀರಿತು. ರಣಭೂಮಿ ಉಳಿಸುವುದು ದುಬಾರಿ ಎನ್ನುವವರು ಸಾಮಾನ್ಯವಾಗಿ ತೋರಿಸುವುದು ಇಂತಹ ಕೊನೆಗಳಿಗೆಯ ಖರೀದಿಗಳನ್ನೇ. ಹೊಲವಾಗಿದ್ದಾಗಲೇ ಕೊಂಡ ನೆಲದ ಲೆಕ್ಕವನ್ನು ಅವರು ಮುಂದಿಡುವುದಿಲ್ಲ.

ನೆಲವೇ ಏಕೆ ಬೇಕು

ಒಳ್ಳೆಯ ನಕ್ಷೆಗಳಿವೆ, ಸೈನಿಕರ ದಿನಚರಿಗಳಿವೆ, ವಸ್ತುಸಂಗ್ರಹಾಲಯವಿದೆ. ಇಷ್ಟಿದ್ದ ಮೇಲೆ ಖಾಲಿ ಬಯಲು ಏಕೆ ಬೇಕು? ನ್ಯಾಯವಾದ ಪ್ರಶ್ನೆ. ಉತ್ತರವನ್ನು ಆ 110 ಎಕರೆಯಲ್ಲೇ ಹುಡುಕಬಹುದು.

ನಕ್ಷೆಯಲ್ಲಿ ದಕ್ಷಿಣದ ಸೇನೆಯ ಬಲಪಾರ್ಶ್ವ ಒಂದು ಬಾಣದ ಗುರುತು. ಬಾಣ ನೆಟ್ಟಗೆ ಒಡ್ಡನ್ನು ಮುಟ್ಟುತ್ತದೆ. ಬಯಲಿನಲ್ಲಿ ನಡೆದರೆ ಬಾಣ ಬಾಗುತ್ತದೆ. ಒಂದು ಪಕ್ಕದಲ್ಲಿ ಹಾರ್ಪೆತ್ ನದಿ ಒಳಕ್ಕೆ ಒತ್ತಿ ಬರುತ್ತದೆ, ಇನ್ನೊಂದು ಪಕ್ಕದಲ್ಲಿ ರೈಲು ಹಳಿಗಾಗಿ ಕಡಿದ ಕಣಿವೆ. ಅಗಲವಾಗಿ ಹೊರಟ ಸಾಲುಗಳು ಹೆಜ್ಜೆಹೆಜ್ಜೆಗೂ ಇಕ್ಕಟ್ಟಾಗಿ ಒಂದರ ಮೇಲೊಂದು ಬೀಳುತ್ತವೆ. ಎದುರಿಗೆ ಮುಳ್ಳಿನ ಒಸೇಜ್ ಕಿತ್ತಳೆ ಗಿಡಗಳ ಬೇಲಿ. ನದಿಯಾಚೆಯ ದಿಬ್ಬದ ಮೇಲಿನ ಗ್ರೇಂಜರ್ ಕೋಟೆಯ ಫಿರಂಗಿಗಳಿಗೆ ಈ ಜನಜಂಗುಳಿ ಪಕ್ಕದಿಂದ ಸಿಕ್ಕುತ್ತದೆ. ಅಷ್ಟು ಜನ ಅಲ್ಲಿಯೇ ಏಕೆ ಸತ್ತರು ಎಂಬುದಕ್ಕೆ ಕಾರಣ ಧೈರ್ಯದ ಕೊರತೆಯಲ್ಲ, ನೆಲದ ಆಕಾರ. ಆ ಜಾಗ ಬಡಾವಣೆಯಾಗಿದ್ದರೆ ಇಕ್ಕಟ್ಟು ಕಾಲಿಗೆ ತಿಳಿಯುತ್ತಲೇ ಇರಲಿಲ್ಲ.

ಹುಡ್‌ನ ಬಗೆಗಿನ ವಾದವೂ ಹಾಗೆಯೇ. ಅವನು ಸಿಟ್ಟಿನ ಭರದಲ್ಲಿ ಸ್ವಂತ ಸೇನೆಯನ್ನು ಬಲಿಕೊಟ್ಟನೇ, ಅಥವಾ ನದಿ ದಾಟಿ ತಪ್ಪಿಸಿಕೊಳ್ಳಲಿದ್ದ ಶತ್ರುವನ್ನು ಹಿಡಿಯಲು ಅದೊಂದೇ ಸಂಜೆ ಉಳಿದಿತ್ತೇ? ಇತಿಹಾಸಕಾರರು ಇಂದಿಗೂ ಒಮ್ಮತಕ್ಕೆ ಬಂದಿಲ್ಲ. ವಿನ್‌ಸ್ಟೆಡ್ ಗುಡ್ಡದ ಮೇಲೆ ನಿಂತವನಿಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ, ಹಗಲು ಎಷ್ಟು ಉಳಿದಿತ್ತು ಎಂಬುದನ್ನು ಅಳೆಯದೆ ತೀರ್ಪು ಕೊಡುವಂತಿಲ್ಲ. ಸಾಕ್ಷಿ ಹೇಳಬೇಕಾದದ್ದು ಆ ಎರಡು ಮೈಲಿ.

ಸಾಕ್ಷಿ ಮಣ್ಣಿನೊಳಗೂ ಇರುತ್ತದೆ. ಮೊಂಟಾನಾದ ಲಿಟಲ್ ಬಿಗ್‌ಹಾರ್ನ್ ರಣಭೂಮಿಯಲ್ಲಿ 1983ರಲ್ಲಿ ಹುಲ್ಲುಗಾವಲಿಗೆ ಬೆಂಕಿ ಬಿದ್ದು ನೆಲ ಬರಿದಾಯಿತು. ಮುಂದಿನ ಎರಡು ವರ್ಷ ಪುರಾತತ್ವಜ್ಞರು ಲೋಹಶೋಧಕ ಹಿಡಿದು ಗುಂಡು, ತೋಟಾ ಕೋಶಗಳನ್ನು ಬಿದ್ದಲ್ಲೇ ಗುರುತು ಹಾಕಿದರು. ತೋಟಾದ ಮೇಲಿನ ಗೀರುಗಳಿಂದ ಯಾವ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತೆಂದು ತಿಳಿಯಿತು. 1876ರಲ್ಲಿ ಮೂಲನಿವಾಸಿ ಯೋಧರ ಕೈಯಲ್ಲಿ ಅಲ್ಲಿ ಸತ್ತ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ ಕೊನೆಯ ಹೊತ್ತಿನ ಬಗ್ಗೆ ನೂರು ವರ್ಷ ಹೇಳಿಕೊಂಡು ಬಂದ ಕಥೆಯನ್ನು ಹೊಸದಾಗಿ ಬರೆಯಬೇಕಾಯಿತು. ಇಂಗ್ಲೆಂಡಿನ ಬಾಸ್‌ವರ್ತ್‌ನಲ್ಲಿ ಇನ್ನೂ ವಿಚಿತ್ರ. 1485ರಲ್ಲಿ ದೊರೆ ಮೂರನೆಯ ರಿಚರ್ಡ್ ಸತ್ತ ಆ ಕಾಳಗದ ಜಾಗವೆಂದು ಒಂದು ಗುಡ್ಡವನ್ನು ತೋರಿಸುತ್ತಿದ್ದರು, ಕೇಂದ್ರವನ್ನೂ ತೆರೆದಿದ್ದರು. ವರ್ಷಗಟ್ಟಲೆ ಹೊಲಗಳನ್ನು ಶೋಧಿಸಿದ ಮೇಲೆ ನಿಜವಾದ ಜಾಗ ಅಲ್ಲಿಂದ ಎರಡು ಮೈಲಿಯಷ್ಟು ದೂರದ ಗದ್ದೆಬಯಲಿನಲ್ಲಿ ಸಿಕ್ಕಿತು. ಅಲ್ಲಿ ಸೀಸದ ಫಿರಂಗಿ ಗುಂಡುಗಳ ಜೊತೆ ರಿಚರ್ಡನ ಲಾಂಛನವಾದ ಹಂದಿಯ ಪುಟ್ಟ ಬೆಳ್ಳಿ ಬಿಲ್ಲೆಯೂ ದೊರೆಯಿತು. ಆ ಹೊಲ ಅಷ್ಟರಲ್ಲಿ ಗೋದಾಮೋ ಕಾರ್ಖಾನೆಯೋ ಆಗಿದ್ದರೆ ತಪ್ಪು ಗುಡ್ಡವನ್ನೇ ಇಂದಿಗೂ ತೋರಿಸುತ್ತಿದ್ದರು. ಇಷ್ಟಾದ ಮೇಲೂ 2018ರಲ್ಲಿ ಅದೇ ರಣಭೂಮಿಯ ಅಂಚಿನಲ್ಲಿ ಚಾಲಕರಹಿತ ಕಾರುಗಳ ಪರೀಕ್ಷಾ ಪಥಕ್ಕೆ ಸ್ಥಳೀಯ ಆಡಳಿತ ಅನುಮತಿ ಕೊಟ್ಟಿತು.

ಕಟ್ಟಡ ಕೆಡವಿದರೆ ಬಯಲು ಮರಳಿ ಬರುತ್ತದೆ, ನೋಟವೂ ಬರುತ್ತದೆ. ಆದರೆ ತಳಪಾಯಕ್ಕೆ ಅಗೆದ ಮಣ್ಣಿನಲ್ಲಿದ್ದ ಆ ಸಾಕ್ಷಿ ಬರುವುದಿಲ್ಲ. ಫ್ರಾಂಕ್ಲಿನ್‌ನ ಗೆಲುವು ಅರ್ಧ ಗೆಲುವು ಎಂದು ನಾನು ಹೇಳುವುದು ಇದಕ್ಕೇ.

ಎದುರು ವಾದಗಳು

ಜನರಿಗೆ ಮನೆ ಬೇಕು, ಊರು ಬೆಳೆಯಬೇಕು ಎಂಬ ಮಾತಿಗೆ ತೂಕವಿದೆ. ಕಾದಾಟ ನಡೆದ ಪ್ರತಿ ಗಜ ನೆಲವನ್ನೂ ಬೇಲಿ ಹಾಕಿ ಇಡಬೇಕೆಂದು ಯಾವ ವಿವೇಕಿಯೂ ಕೇಳುವುದಿಲ್ಲ; 10,500 ಕಾದಾಟಗಳಲ್ಲಿ ಆಯೋಗ ಆರಿಸಿದ್ದು 384 ಮಾತ್ರ. ಕಾಳಗದ ನಿರ್ಣಯವಾದ ಜಾಗ, ದಾಳಿ ಸಾಗಿದ ದಾರಿ, ದಂಡನಾಯಕ ನಿಂತು ನೋಡಿದ ದಿಬ್ಬ, ಇಷ್ಟನ್ನು ಮೊದಲೇ ಗುರುತಿಸಿದರೆ ಊರು ಬೇರೆ ದಿಕ್ಕಿಗೆ ಬೆಳೆಯಲು ದಾರಿಯಿರುತ್ತದೆ. ಎಲ್ಲವನ್ನೂ ಸರ್ಕಾರ ಕೊಳ್ಳಬೇಕೆಂದೂ ಇಲ್ಲ. ಮೇರಿಲ್ಯಾಂಡ್‌ನ ಆಂಟೀಟಮ್ ಸುತ್ತ ರೈತರು ಕಟ್ಟಡ ಕಟ್ಟುವ ಹಕ್ಕನ್ನಷ್ಟೇ ಶಾಶ್ವತವಾಗಿ ಬಿಟ್ಟುಕೊಟ್ಟು, ಅದಕ್ಕೆ ಹಣ ಪಡೆದು, ತಮ್ಮ ಹೊಲಗಳನ್ನು ತಾವೇ ಉಳುತ್ತಿದ್ದಾರೆ. 1862ರ ಕಾಳಗದಲ್ಲಿ ಮೆಕ್ಕೆಜೋಳದ ಹೊಲವಾಗಿದ್ದದ್ದು ಹೊಲವಾಗಿಯೇ ಇರುವುದಕ್ಕಿಂತ ಒಳ್ಳೆಯ ಸಂರಕ್ಷಣೆ ಇನ್ನಾವುದು?

ಇನ್ನೊಂದು ವಾದ ಇದಕ್ಕಿಂತ ಗಟ್ಟಿಯಾದದ್ದು. ದಕ್ಷಿಣದವರು ಹೋರಾಡಿದ್ದು ಗುಲಾಮಗಿರಿಯನ್ನು ಉಳಿಸಿಕೊಳ್ಳಲು. ಅಂಥವರು ಬಿದ್ದ ಜಾಗಕ್ಕೆ ಸಾರ್ವಜನಿಕರ ಹಣ ಸುರಿದರೆ ಅವರನ್ನು ಪೂಜಿಸಿದಂತಾಗುವುದಿಲ್ಲವೇ? ಕಾರ್ಟರ್, ಮ್ಯಾಕ್‌ಗೇವಕ್ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರು ಎಂಬುದನ್ನು ಮುಚ್ಚಿಡುವಂತಿಲ್ಲ. ಆ ಹತ್ತಿ ಗಿರಣಿ ನಡೆಯುತ್ತಿದ್ದುದು ಯಾರ ದುಡಿಮೆಯಿಂದ ಎಂದು ಕೇಳದೆ ಗಿರಣಿಯ ಜಾಗ ತೋರಿಸುವುದು ಅಪ್ರಾಮಾಣಿಕ. ಆದರೆ ನೆಲ ಉಳಿದಿದ್ದರೆ ತಾನೇ ಆ ಪ್ರಶ್ನೆ ಕೇಳಲು ಜಾಗವಿರುವುದು? 1899ರಲ್ಲಿ ಫ್ರಾಂಕ್ಲಿನ್ ಚೌಕದಲ್ಲಿ ದಕ್ಷಿಣದ ಸೈನಿಕನ ಕಂಬ ನಿಲ್ಲಿಸಿದವರು ಕಥೆಯನ್ನು ಒಂದು ಬಗೆಯಲ್ಲಿ ಹೇಳಿದ್ದರು. 2019ರಲ್ಲಿ ಊರಿನ ಕಪ್ಪು ಸಮುದಾಯದ ಪಾದ್ರಿಗಳೂ ಇತಿಹಾಸಾಸಕ್ತರೂ ಕೂಡಿ ಶ್ರಮಿಸಿದ್ದರಿಂದ ಅದೇ ಚೌಕದಲ್ಲಿ ಗುಲಾಮರ ಮಾರಾಟದ, ಕಪ್ಪು ಸೈನಿಕರ ಕಥೆ ಹೇಳುವ ಫಲಕಗಳು ಬಂದವು. 2021ರಲ್ಲಿ ಉತ್ತರದ ಸೇನೆ ಸೇರಿ ಹೋರಾಡಿದ ಕಪ್ಪು ಸೈನಿಕನ ಕಂಚಿನ ಪ್ರತಿಮೆ ನಿಂತಿತು. ಮಾತು ಬದಲಾಗುತ್ತದೆ, ಬದಲಾಗಲೇಬೇಕು. ಜಾಗ ಇದ್ದರೆ ಹೊಸ ಮಾತನ್ನು ಹಳೆಯದರ ಮಗ್ಗುಲಲ್ಲೇ ನಿಲ್ಲಿಸಬಹುದು.

2009ರ ಮೇ ತಿಂಗಳು

ಗಾಲ್ಫ್ ಮೈದಾನ ಕೊಂಡಾಗಿತ್ತು, ಪಿಜ್ಜಾ ಮಳಿಗೆ ಕೆಡವಿಯಾಗಿತ್ತು. ಊರಿನ ದಕ್ಷಿಣಕ್ಕೆ ಕೊಲಂಬಿಯಾ ರಸ್ತೆಯ ಬದಿಯಲ್ಲಿ ಒಂದು ವಾಣಿಜ್ಯ ಕಟ್ಟಡದ ಕೆಲಸ ನಡೆದಿತ್ತು. ಮಣ್ಣು ತೆಗೆಯುತ್ತಿದ್ದ ಕೆಲಸಗಾರರಿಗೆ ಮೂಳೆಗಳು ಸಿಕ್ಕವು. ಜೊತೆಗೆ ಸೀಸದ ಗುಂಡು, ಸಮವಸ್ತ್ರದ ಗುಂಡಿಗಳು. ಗುಂಡಿಗಳು ಉತ್ತರದ ಸೇನೆಯವು. ಆದರೆ ಯುದ್ಧದ ಕೊನೆಕೊನೆಗೆ ಬಟ್ಟೆಗೆ ಗತಿಯಿಲ್ಲದ ದಕ್ಷಿಣದ ಸೈನಿಕರು ಉತ್ತರದವರ ಅಂಗಿಗಳನ್ನೇ ತೊಡುತ್ತಿದ್ದರು. ಆದ್ದರಿಂದ ಸತ್ತವನು ಯಾವ ಪಕ್ಷದವನು ಎಂದು ಹೇಳಲಾಗಲಿಲ್ಲ. ಹೆಸರಂತೂ ಗೊತ್ತಾಗುವಂತಿರಲಿಲ್ಲ. 1866ರಲ್ಲಿ ಅಗೆದು ತಂದವರ ಲೆಕ್ಕಕ್ಕೆ ಸಿಗದೆ ಅವನೊಬ್ಬನೇ ನೂರನಲವತ್ತಕ್ಕೂ ಹೆಚ್ಚು ವರ್ಷ ಅಲ್ಲಿ ಉಳಿದುಬಿಟ್ಟಿದ್ದ.

ಅಕ್ಟೋಬರ್‌ನಲ್ಲಿ ಅವನನ್ನು ಊರಿನ ರೆಸ್ಟ್ ಹೇವನ್ ಸ್ಮಶಾನಕ್ಕೆ ಒಯ್ದು ಸೈನಿಕ ಗೌರವದೊಂದಿಗೆ ಮಣ್ಣು ಮಾಡಿದರು. ಅಂತರ್ಯುದ್ಧದಲ್ಲಿ ಹೋರಾಡಿದ್ದವರ ಇಬ್ಬರು ಮಕ್ಕಳು ಆಗ ಬದುಕಿದ್ದು ಅಂದು ಅಲ್ಲಿಗೆ ಬಂದಿದ್ದರು. ಒಬ್ಬರ ತಂದೆ ಉತ್ತರದ ಸೈನಿಕ, ಇನ್ನೊಬ್ಬರ ತಂದೆ ದಕ್ಷಿಣದವನು. ಇಬ್ಬರೂ ಮುದುಕರು. ಯಾರ ಕಡೆಯವನೆಂದು ತಿಳಿಯದ ಆ ಒಬ್ಬನ ಗೋರಿಯ ಬಳಿ ಇಬ್ಬರೂ ಇದ್ದರು.